ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಪಡೆಯುವುದು ಹೇಗೆ?



ನಮ್ಮ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದಲ್ಲಿ ಮೈಮುರಿದು ದುಡಿಯುವ ಜನ ಬಹಳ. ಕೆಲವರು ಚಾದರ, ಟವೆಲ್ ನೇಯುವ ಪವರ್‌ಲೂಮಿನಲ್ಲಿ ದುಡಿಯುತ್ತಾರೆ. ಕೆಲವರು ಕಬ್ಬು ಕಡಿಯುವ ಟೋಳಿ ಕಟ್ಟಿಕೊಂಡು ಹೋಗುತ್ತಾರೆ. ಕೆಲವರು ಇಟ್ಟಂಗಿ ಭಟ್ಟಿಗೆ, ಕಲ್ಲಿನ ಕ್ವಾರಿಗೆ, ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಇನ್ನು ಕೆಲವರು ಲಾರಿ, ಟ್ರ್ಯಾಕ್ಟರ್ ಓಡಿಸುತ್ತಾರೆ. ಈ ಎಲ್ಲ ಕೆಲಸಗಳಲ್ಲೂ ಅಪಾಯ ಇದ್ದದ್ದೇ. ಬೆರಳು ಹೋಗಬಹುದು. ಕಾಲು ಮುರಿಯಬಹುದು. ಕಣ್ಣಿಗೆ ಪೆಟ್ಟಾಗಬಹುದು. ಜೀವವೇ ಹೋಗಬಹುದು.

ಹೀಗಾದಾಗ ನಮ್ಮ ಜನ ಏನು ಅನ್ನುತ್ತಾರೆ? “ಹಣೇಬರಹ, ಏನ್ ಮಾಡೂದು?” ಅನ್ನುತ್ತಾರೆ. “ಸಾಹುಕಾರ್ರು ಪಾಪ, ದವಾಖಾನಿ ಖರ್ಚ ನೋಡ್ಯಾರ, ಮ್ಯಾಲ ಐದು ಸಾವಿರ ಕೊಟ್ಟಾರ. ಇನ್ನೇನ್ ಕೇಳೂದು?” ಅನ್ನುತ್ತಾರೆ. ಒಂದು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿ ಮನೆಗೆ ಬರುತ್ತಾರೆ. ಆದರೆ ಕಾಯ್ದೆಯ ಪ್ರಕಾರ ಆ ಮನೆಗೆ ಬರಬೇಕಾದ ಹಣ ಮೂರು ಲಕ್ಷವೂ ಇರಬಹುದು, ಒಂಬತ್ತು ಲಕ್ಷವೂ ಇರಬಹುದು.

ಆ ಹಣ ಸಾಹುಕಾರರ ಕರುಣೆಯಿಂದ ಬರುವುದಲ್ಲ. ಕಾಯ್ದೆ ಕೊಟ್ಟಿರುವ ಹಕ್ಕಿನಿಂದ ಬರುವುದು. ಇದಕ್ಕೆ ‘ಪರಿಹಾರ’ ಎನ್ನುತ್ತಾರೆ. ಮರಾಠಿಯಲ್ಲಿ ‘ನುಕಸಾನ ಭರಪಾಈ’ ಎನ್ನುತ್ತಾರೆ. ಇದನ್ನು ಪಡೆಯುವುದು ಹೇಗೆ ಎಂದು ಈ ಪಾಠದಲ್ಲಿ ತಿಳಿಯೋಣ.

ಯಾವ ಕಾಯ್ದೆ ಇದು?

ಇದು ಹೊಸ ಕಾಯ್ದೆಯೇನಲ್ಲ. ಬ್ರಿಟಿಷರ ಕಾಲದಲ್ಲಿ, 1923ರಲ್ಲಿ, ಈ ಕಾಯ್ದೆ ಆಯಿತು. 1924ರ ಜುಲೈ 1ರಿಂದ ಜಾರಿಗೆ ಬಂತು. ಆಗ ಇದರ ಹೆಸರು ‘ಕಾರ್ಮಿಕರ ಪರಿಹಾರ ಕಾಯ್ದೆ’. 2009ರಲ್ಲಿ ತಿದ್ದುಪಡಿಯಾಗಿ, 2010ರ ಜನವರಿಯಿಂದ ‘ನೌಕರರ ಪರಿಹಾರ ಕಾಯ್ದೆ’ ಎಂದಾಯಿತು.

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ‘ಸಾಮಾಜಿಕ ಭದ್ರತಾ ಸಂಹಿತೆ, 2020’ ಎಂಬುದನ್ನು ಜಾರಿಗೆ ತಂದಿತು. ಹಳೆಯ ಪರಿಹಾರ ಕಾಯ್ದೆ ಈಗ ಈ ಸಂಹಿತೆಯ ಏಳನೆಯ ಅಧ್ಯಾಯದೊಳಗೆ ಸೇರಿದೆ. ಹೆಸರು ಬದಲಾಗಿದೆ, ಮುಖ್ಯ ನಿಯಮಗಳು ಹೆಚ್ಚು ಕಡಿಮೆ ಮೊದಲಿನಂತೆಯೇ ಇವೆ. ಆ ದಿನಕ್ಕಿಂತ ಮೊದಲು ಅಪಘಾತ ಆಗಿದ್ದರೆ ಹಳೆಯ ಕಾಯ್ದೆಯ ಪ್ರಕಾರವೇ ಪರಿಹಾರ.

ಕಾಯ್ದೆ ಇಡೀ ದೇಶಕ್ಕೆ ಒಂದೇ. ಆದರೆ ಅರ್ಜಿ ತೆಗೆದುಕೊಂಡು ತೀರ್ಮಾನ ಮಾಡುವ ಅಧಿಕಾರಿಯನ್ನು ಆಯಾ ರಾಜ್ಯ ಸರ್ಕಾರ ನೇಮಿಸುತ್ತದೆ. ಕೆಲವು ಕಡೆ ಕಾರ್ಮಿಕ ಇಲಾಖೆಯ ಅಧಿಕಾರಿ ಈ ಕೆಲಸ ಮಾಡುತ್ತಾರೆ. ಕೆಲವು ಕಡೆ ನ್ಯಾಯಾಧೀಶರು ಮಾಡುತ್ತಾರೆ. ಹಳೆಯ ಕಾಯ್ದೆ ಇವರನ್ನು ‘ಆಯುಕ್ತರು’ ಎಂದಿತ್ತು. ಹೊಸ ಸಂಹಿತೆ ‘ಸಕ್ಷಮ ಪ್ರಾಧಿಕಾರ’ ಎನ್ನುತ್ತದೆ. ನಾವು ಸುಲಭವಾಗಿ ‘ಪರಿಹಾರ ಅಧಿಕಾರಿ’ ಎಂದು ಕರೆಯೋಣ.

ಯಾರ ತಪ್ಪು ಎಂದು ಕೇಳುವುದಿಲ್ಲ

ಈ ಕಾಯ್ದೆಯ ತಿರುಳು ಇಲ್ಲಿದೆ, ಚೆನ್ನಾಗಿ ತಿಳಿದುಕೊಳ್ಳಿ. ಪರಿಹಾರ ಬೇಕಾದರೆ ಮಾಲಕನ ತಪ್ಪಿನಿಂದಲೇ ಪೆಟ್ಟಾಯಿತು ಎಂದು ನೀವು ಸಿದ್ಧ ಮಾಡಬೇಕಾಗಿಲ್ಲ. ಮಾಲಕ ಎಷ್ಟೇ ಒಳ್ಳೆಯವನಿರಲಿ, ಅವನ ತಪ್ಪು ಏನೂ ಇಲ್ಲದಿರಲಿ, ಪರಿಹಾರ ಕೊಡಲೇಬೇಕು. ದುಡಿಮೆಯಿಂದ ಲಾಭ ಪಡೆಯುವವನು ದುಡಿಮೆಯ ಅಪಾಯವನ್ನೂ ಹೊರಬೇಕು ಎಂಬುದು ಇದರ ಹಿಂದಿನ ವಿಚಾರ.

ನೀವು ತೋರಿಸಬೇಕಾದ ಸಂಗತಿಗಳು ಇಷ್ಟೇ:

1. ನೀವು ಆ ಮಾಲಕನ ಕೆಲಸದಲ್ಲಿ ಇದ್ದಿರಿ.
2. ಕೆಲಸದ ಕಾರಣದಿಂದ, ಕೆಲಸದ ವೇಳೆಯಲ್ಲಿ ಅಪಘಾತ ಆಯಿತು.
3. ಅದರಿಂದ ಮೂರು ದಿನಕ್ಕಿಂತ ಹೆಚ್ಚು ಕೆಲಸ ಮಾಡಲು ಆಗಲಿಲ್ಲ, ಇಲ್ಲವೇ ಅಂಗ ಹೋಯಿತು, ಇಲ್ಲವೇ ಸಾವು ಆಯಿತು.

ಕೆಲವು ಸಂದರ್ಭಗಳಲ್ಲಿ ಪರಿಹಾರ ಸಿಗುವುದಿಲ್ಲ. ಕುಡಿದ ಅಮಲಿನಿಂದಲೇ ಪೆಟ್ಟಾಗಿದ್ದರೆ ಸಿಗುವುದಿಲ್ಲ. ಸುರಕ್ಷತೆಗಾಗಿ ಸ್ಪಷ್ಟವಾಗಿ ಹೇಳಿದ ನಿಯಮವನ್ನು ಬೇಕಂತಲೇ ಮುರಿದಿದ್ದರೆ ಸಿಗುವುದಿಲ್ಲ. ಯಂತ್ರಕ್ಕೆ ಹಾಕಿದ ರಕ್ಷಣೆಯ ಜಾಳಿಗೆಯನ್ನು ಬೇಕಂತಲೇ ತೆಗೆದಿದ್ದರೆ ಸಿಗುವುದಿಲ್ಲ. ಆದರೆ ಇಲ್ಲೂ ಒಂದು ಮಾತಿದೆ. ಅಪಘಾತದಲ್ಲಿ ಸಾವು ಆಗಿದ್ದರೆ, ಅಥವಾ ಮನುಷ್ಯ ಪೂರ್ತಿ ದುಡಿಯಲಾರದ ಸ್ಥಿತಿಗೆ ಬಂದಿದ್ದರೆ, ಈ ಕಾರಣಗಳನ್ನು ಹೇಳಿ ಮಾಲಕ ತಪ್ಪಿಸಿಕೊಳ್ಳಲು ಬರುವುದಿಲ್ಲ.

“ನಿನ್ನ ನಿಷ್ಕಾಳಜಿಯಿಂದಲೇ ಆತು, ಏನೂ ಸಿಗಂಗಿಲ್ಲ” ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಬರೀ ನಿಷ್ಕಾಳಜಿ ಬೇರೆ, ಬೇಕಂತಲೇ ನಿಯಮ ಮುರಿಯುವುದು ಬೇರೆ.

ಯಾರಿಗೆಲ್ಲ ಸಿಗುತ್ತದೆ?

ಕಾಯ್ದೆಯ ಕೊನೆಯಲ್ಲಿ ಕೆಲಸಗಳ ದೊಡ್ಡ ಪಟ್ಟಿ ಇದೆ. ಕಾರಖಾನೆ, ಗಣಿ, ಕಟ್ಟಡ, ರಸ್ತೆ, ವಿದ್ಯುತ್ ಕೆಲಸ, ವಾಹನ ಓಡಿಸುವುದು, ಮರ ಕಡಿಯುವುದು, ಟ್ರ್ಯಾಕ್ಟರಿನಿಂದ ಬೇಸಾಯ ಮಾಡುವುದು ಎಲ್ಲ ಅದರಲ್ಲಿವೆ. ಕೆಲಸ ಪರ್ಮನೆಂಟ್ ಇರಬೇಕೆಂದೇನೂ ಇಲ್ಲ. ದಿನಗೂಲಿಯವರಿಗೂ ಇದು ಅನ್ವಯಿಸುತ್ತದೆ.

“ನಾನು ಗುತ್ತೇದಾರನ ಕಡೆ ಇದ್ದೆ. ಅವ ಓಡಿ ಹೋದ. ಈಗೇನು ಮಾಡಲಿ?” ಎಂದು ಕೆಲವರು ಕೇಳುತ್ತಾರೆ. ಇದಕ್ಕೂ ಕಾಯ್ದೆಯಲ್ಲಿ ಉತ್ತರ ಇದೆ. ಮುಖ್ಯ ಮಾಲಕ ತನ್ನ ಧಂದೆಯ ಕೆಲಸವನ್ನೇ ಗುತ್ತೇದಾರನಿಗೆ ವಹಿಸಿರುತ್ತಾನೆ. ಅಪಘಾತವು ಆ ಕೆಲಸ ನಡೆಯುವ ಜಾಗದಲ್ಲಿ, ಅಥವಾ ಮುಖ್ಯ ಮಾಲಕನ ವಶದಲ್ಲಿರುವ ಜಾಗದಲ್ಲಿ ಆದರೆ, ಅವನಿಂದಲೇ ಪರಿಹಾರ ಕೇಳಬಹುದು. ಆಮೇಲೆ ಅವನು ಗುತ್ತೇದಾರನಿಂದ ವಸೂಲಿ ಮಾಡಿಕೊಳ್ಳಲಿ. ಅದು ಅವರಿಬ್ಬರ ವ್ಯವಹಾರ.

ಪೆಟ್ಟು ಮಾತ್ರವಲ್ಲ, ಕೆಲಸದಿಂದ ಬರುವ ಕೆಲವು ರೋಗಗಳಿಗೂ ಪರಿಹಾರ ಇದೆ. ಕಲ್ಲಿನ ಧೂಳಿನಿಂದ ಪುಪ್ಪುಸಕ್ಕೆ ಸಿಲಿಕೋಸಿಸ್ ಎಂಬ ರೋಗ ಬರುತ್ತದೆ. ಹತ್ತಿಯ ಧೂಳಿನಿಂದ ಬಿಸಿನೋಸಿಸ್ ಎಂಬ ದಮ್ಮಿನ ರೋಗ ಬರುತ್ತದೆ. ಇವೆರಡೂ ಕಾಯ್ದೆಯ ಪಟ್ಟಿಯಲ್ಲಿವೆ. ಕ್ವಾರಿಯಲ್ಲಿ, ನೂಲಿನ ಗಿರಣಿಯಲ್ಲಿ ವರ್ಷಗಟ್ಟಲೆ ದುಡಿದವರಿಗೆ ಕೆಮ್ಮು, ದಮ್ಮು ಹತ್ತಿದರೆ ಸುಮ್ಮನಿರಬಾರದು. “ನಾನು ಇಂಥ ಕೆಲಸ ಮಾಡುತ್ತೇನೆ” ಎಂದು ವೈದ್ಯರಿಗೆ ಬಿಡಿಸಿ ಹೇಳಬೇಕು. ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಬೇಕು.

ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಪಘಾತವಾದರೆ?

ಇದರ ಬಗ್ಗೆ ಬಹಳ ದಿನ ವಾದ ಇತ್ತು. ನಮ್ಮ ನೆರೆಯ ಧಾರಾಶಿವ ಜಿಲ್ಲೆಯ ಒಂದು ಪ್ರಕರಣದಿಂದ ಅದು ತಿಳಿಯಾಯಿತು. ಆಗ ಅದರ ಹೆಸರು ಉಸ್ಮಾನಾಬಾದ. ಸಕ್ಕರೆ ಕಾರಖಾನೆಯ ಒಬ್ಬ ಕಾವಲುಗಾರನ ಪಾಳಿ ಬೆಳಗಿನ ಜಾವ 3 ಗಂಟೆಗೆ ಶುರುವಾಗುತ್ತಿತ್ತು. 2003ರ ಏಪ್ರಿಲ್ 22ರಂದು ಆತ ಮೋಟರ್ ಸೈಕಲ್ ಮೇಲೆ ಕೆಲಸಕ್ಕೆ ಹೊರಟಿದ್ದ. ಕಾರಖಾನೆ ಇನ್ನು ಸುಮಾರು 5 ಕಿಲೋಮೀಟರ್ ಇರುವಾಗ ಅಪಘಾತವಾಗಿ ತೀರಿಕೊಂಡ.

ಪರಿಹಾರ ಅಧಿಕಾರಿ 3,26,140 ರೂಪಾಯಿ ಮತ್ತು ಬಡ್ಡಿ ಕೊಡಬೇಕೆಂದು ಆದೇಶ ಮಾಡಿದರು. ದಾರಿಯಲ್ಲಿ ಆದದ್ದು ಕೆಲಸದ ಅಪಘಾತ ಅಲ್ಲ ಎಂದು ಹೈಕೋರ್ಟು 2011ರಲ್ಲಿ ಅದನ್ನು ರದ್ದು ಮಾಡಿತು. ಮನೆಯವರು ಸುಪ್ರೀಂ ಕೋರ್ಟಿಗೆ ಹೋದರು. 2025ರ ಜುಲೈ 29ರಂದು ಸುಪ್ರೀಂ ಕೋರ್ಟು ಆ ಪರಿಹಾರವನ್ನು ಮತ್ತೆ ಕೊಡಿಸಿತು. ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸದಿಂದ ಮನೆಗೆ ಬರುವಾಗ ಆದ ಅಪಘಾತಕ್ಕೂ ಪರಿಹಾರ ಉಂಟು ಎಂದು ಹೇಳಿತು. ಆದರೆ ಆ ಹೊತ್ತು, ಆ ಜಾಗ, ಆ ಸಂದರ್ಭ ಇವುಗಳಿಗೂ ಕೆಲಸಕ್ಕೂ ಸಂಬಂಧ ಇರಬೇಕು. ಹೊಸ ಸಂಹಿತೆಯಲ್ಲೂ ಈ ನಿಯಮ ಇದೆ.

ನ್ಯಾಯ ಸಿಕ್ಕಿತು, ಆದರೆ 22 ವರ್ಷ ಹಿಡಿಯಿತು. ಮೊದಲ ದಿನದಿಂದಲೇ ಕಾಗದಪತ್ರ ಸರಿಯಾಗಿ ಇಟ್ಟುಕೊಂಡದ್ದರಿಂದ ಇಂಥ ದೊಡ್ಡ ಹೋರಾಟಕ್ಕೂ ಬಲ ಬರುತ್ತದೆ.

ಎಷ್ಟು ಹಣ ಸಿಗುತ್ತದೆ?

ಇದಕ್ಕೆ ಒಂದು ಲೆಕ್ಕ ಇದೆ. ಲೆಕ್ಕಕ್ಕೆ ಎರಡು ಸಂಗತಿ ಬೇಕು. ಒಂದು, ತಿಂಗಳ ಪಗಾರ. ಎರಡು, ವಯಸ್ಸು. ವಯಸ್ಸಿಗೆ ತಕ್ಕಂತೆ ಕಾಯ್ದೆ ಒಂದು ಗುಣಕ ಕೊಟ್ಟಿದೆ. ಗುಣಕ ಎಂದರೆ ಗುಣಿಸುವ ಸಂಖ್ಯೆ. ವಯಸ್ಸು ಕಡಿಮೆ ಇದ್ದರೆ ಗುಣಕ ಹೆಚ್ಚು. ಯಾಕೆ? ಸಣ್ಣ ವಯಸ್ಸಿನವರು ಮುಂದೆ ಹೆಚ್ಚು ವರ್ಷ ದುಡಿಯುತ್ತಿದ್ದರು, ಅದಕ್ಕೆ.

20 ವರ್ಷದವರಿಗೆ 224.00
30 ವರ್ಷದವರಿಗೆ 207.98
40 ವರ್ಷದವರಿಗೆ 184.17
50 ವರ್ಷದವರಿಗೆ 153.09
60 ವರ್ಷದವರಿಗೆ 117.41

ಈಗ ಒಂದು ಉದಾಹರಣೆ ಮಾಡೋಣ. ಒಬ್ಬ ಕೆಲಸಗಾರನ ವಯಸ್ಸು 40. ಪಗಾರ ತಿಂಗಳಿಗೆ 10,000 ರೂಪಾಯಿ.

ಸಾವು ಆದರೆ: ಪಗಾರದ ಅರ್ಧ, ಅಂದರೆ 5,000. ಅದನ್ನು 184.17ರಿಂದ ಗುಣಿಸಿ. 9,20,850 ರೂಪಾಯಿ ಬರುತ್ತದೆ. ಇದು ಹೆಂಡತಿ, ಚಿಕ್ಕ ಮಕ್ಕಳು, ಮದುವೆಯಾಗದ ಹೆಣ್ಣುಮಕ್ಕಳು, ವಿಧವೆ ತಾಯಿ ಮೊದಲಾದ ಅವಲಂಬಿತರಿಗೆ ಸೇರುತ್ತದೆ. ಇದಲ್ಲದೆ ಅಂತ್ಯಕ್ರಿಯೆಯ ಖರ್ಚು ಬೇರೆ. ಹೊಸ ಸಂಹಿತೆಯ ಪ್ರಕಾರ ಅದು 15,000 ರೂಪಾಯಿಗೆ ಕಡಿಮೆ ಇರಬಾರದು.

ಪೂರ್ತಿ ದುಡಿಯಲಾರದಂತೆ ಆದರೆ: ಎರಡೂ ಕೈ ಹೋಗುವುದು, ಎರಡೂ ಕಣ್ಣು ಹೋಗುವುದು ಇಂಥವು. ಆಗ ಪಗಾರದ ನೂರಕ್ಕೆ 60, ಅಂದರೆ 6,000. ಅದನ್ನು 184.17ರಿಂದ ಗುಣಿಸಿ. 11,05,020 ರೂಪಾಯಿ.

ಒಂದು ಅಂಗ ಹೋದರೆ: ಯಾವ ಅಂಗಕ್ಕೆ ನೂರಕ್ಕೆ ಎಷ್ಟು ಎಂದು ಕಾಯ್ದೆಯಲ್ಲಿ ಪಟ್ಟಿ ಇದೆ. ಕೈಯ ಹೆಬ್ಬೆರಳು ಪೂರ್ತಿ ಹೋದರೆ ನೂರಕ್ಕೆ 30. ತೋರುಬೆರಳು ಪೂರ್ತಿ ಹೋದರೆ ನೂರಕ್ಕೆ 14. ಒಂದು ಕೈಯ ನಾಲ್ಕು ಬೆರಳು ಹೋದರೆ ನೂರಕ್ಕೆ 50. ನಮ್ಮ ಉದಾಹರಣೆಯ ಕೆಲಸಗಾರನ ಹೆಬ್ಬೆರಳು ಹೋದರೆ 11,05,020ರಲ್ಲಿ ನೂರಕ್ಕೆ 30, ಅಂದರೆ 3,31,506 ರೂಪಾಯಿ. ಐದು ಸಾವಿರ ತೆಗೆದುಕೊಂಡು ಹೆಬ್ಬೆಟ್ಟು ಒತ್ತಿ ಬಂದವರು ಎಷ್ಟು ಕಳೆದುಕೊಂಡರು ಎಂದು ನೀವೇ ಲೆಕ್ಕ ಹಾಕಿ.

ಕೆಲವು ದಿನ ಕೆಲಸ ಮಾಡಲು ಆಗದಿದ್ದರೆ: ಹದಿನೈದು ದಿನಕ್ಕೊಮ್ಮೆ ತಿಂಗಳ ಪಗಾರದ ನಾಲ್ಕನೆಯ ಒಂದು ಪಾಲು. ನಮ್ಮ ಉದಾಹರಣೆಯಲ್ಲಿ 2,500 ರೂಪಾಯಿ. ಅಂದರೆ ತಿಂಗಳಿಗೆ ಅರ್ಧ ಪಗಾರ ಬಂದಂತೆ. ಮೊದಲ ಮೂರು ದಿನಕ್ಕೆ ಹಣ ಇಲ್ಲ. ಆದರೆ 28 ದಿನ ಅಥವಾ ಹೆಚ್ಚು ಕೆಲಸ ತಪ್ಪಿದರೆ ಮೊದಲ ದಿನದಿಂದಲೇ ಸಿಗುತ್ತದೆ.

ಇವೆಲ್ಲದರ ಜೊತೆಗೆ, ಗಾಯಕ್ಕೆ ಆದ ದವಾಖಾನೆ ಖರ್ಚನ್ನೂ ಮಾಲಕ ಕೊಡಬೇಕು. ಅದನ್ನು ಪರಿಹಾರದಲ್ಲಿ ಮುರಿದುಕೊಳ್ಳುವಂತಿಲ್ಲ.

ಲೆಕ್ಕದಲ್ಲಿ ಇನ್ನೊಂದು ಮಾತು. ಪಗಾರ ಎಷ್ಟೇ ಹೆಚ್ಚಿರಲಿ, ಲೆಕ್ಕಕ್ಕೆ ಹಿಡಿಯಲು ಒಂದು ಮಿತಿ ಇದೆ. 2020ರ ಜನವರಿ 3ರಿಂದ ಕೇಂದ್ರ ಸರ್ಕಾರ ಅದನ್ನು ತಿಂಗಳಿಗೆ 15,000 ರೂಪಾಯಿ ಎಂದು ಗೊತ್ತು ಮಾಡಿತು. ಅದಕ್ಕೂ ಮೊದಲು 8,000 ಇತ್ತು. ಪಗಾರ ಬಹಳ ಕಡಿಮೆ ಇದ್ದವರಿಗೆ ಕನಿಷ್ಠ ಮೊತ್ತವೂ ಇದೆ. ಹಳೆಯ ಕಾಯ್ದೆಯಲ್ಲಿ ಸಾವಿಗೆ 1,20,000, ಪೂರ್ತಿ ಅಂಗವಿಕಲತೆಗೆ 1,40,000 ರೂಪಾಯಿ ಇತ್ತು. ಹೊಸ ಸಂಹಿತೆಯಲ್ಲಿ ಕನಿಷ್ಠ ಮೊತ್ತವನ್ನು ಕೇಂದ್ರ ಸರ್ಕಾರ ಪ್ರಕಟಣೆಯಿಂದ ಗೊತ್ತು ಮಾಡುತ್ತದೆ. ಅಪಘಾತ ಆದ ದಿನ ಯಾವ ಮಿತಿ ಇತ್ತೋ ಅದನ್ನು ಹಿಡಿಯಬೇಕು.

ಪಟ್ಟಿಗಿಂತ ದುಡಿಮೆ ಮುಖ್ಯ

ಒಂದು ಅಂಗ ಹೋದಾಗ ಬರೀ ಪಟ್ಟಿ ನೋಡಿದರೆ ಸಾಲದು. ಆ ಮನುಷ್ಯ ತನ್ನ ಕೆಲಸ ಮಾಡಬಲ್ಲನೇ ಎಂದೂ ನೋಡಬೇಕು. 1968ರಲ್ಲಿ ಒರಿಸ್ಸಾದಲ್ಲಿ ಒಬ್ಬ ಬಡಗಿ ಸಿನಿಮಾ ಮಂದಿರದ ಕೆಲಸ ಮಾಡುವಾಗ ಬಿದ್ದ. ಅವನ ಎಡಗೈಯನ್ನು ಮೊಣಕೈಗಿಂತ ಮೇಲೆ ಕತ್ತರಿಸಬೇಕಾಯಿತು. ಒಂದು ಕೈ ಇದೆಯಲ್ಲ, ಪೂರ್ತಿ ನಷ್ಟ ಅಲ್ಲ ಎಂದು ಮಾಲಕ ವಾದ ಮಾಡಿದ. ಒಂದೇ ಕೈಯಿಂದ ಬಡಿಗತನ ಮಾಡಲು ಬರುವುದಿಲ್ಲ, ಆದ್ದರಿಂದ ಇದು ಪೂರ್ತಿ ನಷ್ಟವೇ ಎಂದು 1975ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಪರಿಹಾರ ಕೊಡುವ ಹೊಣೆ ಅಪಘಾತವಾದ ದಿನವೇ ಹುಟ್ಟುತ್ತದೆ ಎಂದೂ ಹೇಳಿತು.

ಆದ್ದರಿಂದ ಅರ್ಜಿಯಲ್ಲಿ ಬರೀ “ಬೆರಳು ಹೋಯಿತು” ಎಂದು ಬರೆಯಬೇಡಿ. “ನಾನು ನೇಕಾರ. ಈ ಬೆರಳಿಲ್ಲದೆ ನೂಲು ಗಂಟು ಹಾಕಲು ಆಗುವುದಿಲ್ಲ” ಎಂದು ಬಿಡಿಸಿ ಬರೆಯಿರಿ.

ಪೆಟ್ಟಾದ ಕೂಡಲೇ ಏನು ಮಾಡಬೇಕು?

ಮೊದಲು ದವಾಖಾನೆಗೆ ಹೋಗಿ. “ಮನೆಯಲ್ಲಿ ಬಿದ್ದೆ ಅಂತ ಬರಸು” ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಎಲ್ಲಿ, ಯಾವ ಕೆಲಸ ಮಾಡುವಾಗ ಪೆಟ್ಟಾಯಿತೋ ಅದನ್ನೇ ವೈದ್ಯರ ಚೀಟಿಯಲ್ಲಿ ಬರೆಸಿ. ಈ ಒಂದು ಸಾಲು ಮುಂದೆ ಲಕ್ಷ ರೂಪಾಯಿಯ ಸಾಕ್ಷಿ.

ಎರಡನೆಯದು, ಮಾಲಕನಿಗೆ ಬರೆದು ತಿಳಿಸಿ. ಹೆಸರು, ವಿಳಾಸ, ಅಪಘಾತದ ದಿನ, ಕಾರಣ ಇಷ್ಟು ಸಾಕು. ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ, ರಸೀದಿ ಜೋಪಾನವಾಗಿ ಇಟ್ಟುಕೊಳ್ಳಿ. ಮಾಲಕನಿಗೆ ಬೇರೆ ರೀತಿಯಿಂದ ಗೊತ್ತಾಗಿದ್ದರೆ, ನೋಟಿಸು ಕೊಡಲಿಲ್ಲ ಎಂಬ ಕಾರಣಕ್ಕೆ ಹಕ್ಕು ಹೋಗುವುದಿಲ್ಲ. ಆದರೂ ಬರೆದು ಕೊಡುವುದು ಒಳ್ಳೆಯದು. ಮಾಲಕ ತನ್ನ ಖರ್ಚಿನಿಂದ ವೈದ್ಯರ ಬಳಿ ತಪಾಸಣೆ ಮಾಡಿಸುತ್ತೇನೆ ಎಂದರೆ ಹೋಗಿ. ಕಾರಣವಿಲ್ಲದೆ ಒಲ್ಲೆ ಎಂದರೆ ಪರಿಹಾರ ತಡೆಯುತ್ತದೆ.

ಮೂರನೆಯದು, ಸಾಕ್ಷಿ ಕೂಡಿಸಿ. ಹಾಜರಿ ಚೀಟಿ, ಬಟವಡೆಯ ಚೀಟಿ, ಬ್ಯಾಂಕಿನ ಪುಸ್ತಕ, ಗುರುತಿನ ಕಾರ್ಡು, ಕೆಲಸದ ಜಾಗದ ಫೋಟೊ, ಜೊತೆಗಿದ್ದವರ ಹೆಸರು ಎಲ್ಲ ಬೇಕು. ವಯಸ್ಸಿನ ದಾಖಲೆಯೂ ಬೇಕು. ಸಾವು ಆಗಿದ್ದರೆ ಪೊಲೀಸರ ಪಂಚನಾಮೆ ಮತ್ತು ಶವಪರೀಕ್ಷೆಯ ವರದಿಯ ನಕಲು ತೆಗೆದುಕೊಳ್ಳಿ.

ಕಾಗದದ ಮೇಲೆ ಹೆಬ್ಬೆಟ್ಟು ಒತ್ತುವ ಮುನ್ನ

ಇದು ಈ ಪಾಠದ ಅತಿ ಮುಖ್ಯ ಭಾಗ. ಎರಡು ಸಲ ಓದಿ. ಓದಲು ಬಾರದವರಿಗೆ ಓದಿ ಹೇಳಿ.

ಸಾವಿನ ಪರಿಹಾರವನ್ನು ಮಾಲಕ ಮನೆಯವರ ಕೈಗೆ ಕೊಡುವಂತಿಲ್ಲ. ಪರಿಹಾರ ಅಧಿಕಾರಿಯ ಬಳಿ ಜಮಾ ಮಾಡಬೇಕು. ಅಧಿಕಾರಿ ಅದನ್ನು ಅವಲಂಬಿತರಿಗೆ ಹಂಚುತ್ತಾರೆ. ಮೂರು ತಿಂಗಳ ಪಗಾರದಷ್ಟು ಮುಂಗಡ ಮಾತ್ರ ಮಾಲಕ ನೇರವಾಗಿ ಕೊಡಬಹುದು. ಅದಕ್ಕಿಂತ ಹೆಚ್ಚು ಕೈಯಲ್ಲಿ ಕೊಟ್ಟು “ಎಲ್ಲ ಮುಗೀತು” ಎಂದು ಬರೆಸಿಕೊಂಡರೂ ಅದು ಪರಿಹಾರ ಕೊಟ್ಟಂತೆ ಆಗುವುದಿಲ್ಲ.

ಗಾಯದ ಪರಿಹಾರಕ್ಕೆ ಮಾಲಕ ಮತ್ತು ಕೆಲಸಗಾರ ಮಾತಾಡಿ ಒಪ್ಪಂದ ಮಾಡಿಕೊಳ್ಳಬಹುದು. ಆದರೆ ಆ ಒಪ್ಪಂದವನ್ನು ಪರಿಹಾರ ಅಧಿಕಾರಿಯ ಬಳಿ ನೋಂದಾಯಿಸಬೇಕು. ಹಣ ತೀರಾ ಕಡಿಮೆ ಇದ್ದರೆ, ಮೋಸ ಅಥವಾ ಒತ್ತಾಯ ಇದ್ದರೆ, ಅಧಿಕಾರಿ ನೋಂದಾಯಿಸದೆ ಇರಬಹುದು. ಕೆಲಸಕ್ಕೆ ಸೇರುವಾಗಲೇ “ಪೆಟ್ಟಾದರೆ ಏನೂ ಕೇಳುವುದಿಲ್ಲ” ಎಂದು ಬರೆಸಿಕೊಂಡಿದ್ದರೆ ಆ ಕಾಗದಕ್ಕೆ ಬೆಲೆ ಇಲ್ಲ. ಮೊದಲೇ ಹೆಬ್ಬೆಟ್ಟು ಒತ್ತಿದ್ದರೂ ಧೈರ್ಯ ಬಿಡಬೇಡಿ. ಅರ್ಜಿ ಹಾಕಿ.

ಇನ್ನೊಂದು ಸಮಾಧಾನದ ಮಾತು. ಪರಿಹಾರದ ಹಣವನ್ನು ಸಾಲಗಾರರು ಜಪ್ತಿ ಮಾಡುವಂತಿಲ್ಲ. ಮುಕಾದಮನ ಉಚಲ ಬಾಕಿ ಇದೆ, ಅಂಗಡಿಯ ಉದ್ರಿ ಇದೆ ಎಂದು ಹೇಳಿ ಅದನ್ನು ಹಿಡಿದುಕೊಳ್ಳಲು ಕಾಯ್ದೆ ಬಿಡುವುದಿಲ್ಲ.

ಅರ್ಜಿ ಎಲ್ಲಿ, ಯಾವಾಗ?

ಅಪಘಾತ ಆದ ದಿನದಿಂದ, ಸಾವಾಗಿದ್ದರೆ ಸಾವಿನ ದಿನದಿಂದ, ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ತಡವಾದರೆ ಸರಿಯಾದ ಕಾರಣ ತೋರಿಸಬೇಕು.

ಎಲ್ಲಿ ಹಾಕಬೇಕು? ಗಡಿಭಾಗದ ನಮಗೆ ಇದು ದೊಡ್ಡ ಅನುಕೂಲ. ಮೂರು ಜಾಗಗಳಲ್ಲಿ ಎಲ್ಲಿ ಬೇಕಾದರೂ ಹಾಕಬಹುದು:

1. ಅಪಘಾತ ಆದ ಕಡೆ.
2. ನೀವು ಅಥವಾ ಅವಲಂಬಿತರು ವಾಸವಾಗಿರುವ ಕಡೆ.
3. ಮಾಲಕನ ನೋಂದಾಯಿತ ಕಚೇರಿ ಇರುವ ಕಡೆ.

ಅಕ್ಕಲಕೋಟದವರು ಕಲಬುರಗಿಯಲ್ಲೋ, ಬೆಂಗಳೂರಿನಲ್ಲೋ ಕೆಲಸ ಮಾಡುವಾಗ ಪೆಟ್ಟಾಯಿತು ಎನ್ನಿ. ಮತ್ತೆ ಮತ್ತೆ ಅಲ್ಲಿಗೆ ಓಡಾಡಬೇಕಾಗಿಲ್ಲ. ಸೊಲ್ಲಾಪುರ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ಇಲ್ಲಿಯ ಅಧಿಕಾರಿ ಅಲ್ಲಿಯ ಅಧಿಕಾರಿಗೆ ಸೂಚನೆ ಕಳಿಸುತ್ತಾರೆ.

“ನನಗೆ ಬರೆಯಲು ಬರುವುದಿಲ್ಲ” ಎಂಬ ಚಿಂತೆ ಬೇಡ. ಅರ್ಜಿದಾರರಿಗೆ ಬರೆಯಲು ಬಾರದಿದ್ದರೆ, ಅವರು ಕೇಳಿಕೊಂಡಾಗ, ಪರಿಹಾರ ಅಧಿಕಾರಿಯೇ ಅರ್ಜಿ ಬರೆಸಿಕೊಡಬೇಕು ಎಂದು ಕಾಯ್ದೆ ಹೇಳುತ್ತದೆ.

ಭಾಷೆಯ ಚಿಂತೆಯೂ ಬೇಡ. ನಮ್ಮ ಸಂವಿಧಾನದ 350ನೆಯ ವಿಧಿಯ ಪ್ರಕಾರ, ತೊಂದರೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು. ಕನ್ನಡದಲ್ಲಿ ಬರೆದು ಜೊತೆಗೆ ಮರಾಠಿ ಅನುವಾದವನ್ನೂ ಇಟ್ಟರೆ ಕೆಲಸ ಬೇಗ ಆಗುತ್ತದೆ.

ಸಹಾಯ ಎಲ್ಲಿ ಸಿಗುತ್ತದೆ? ಸೊಲ್ಲಾಪುರದ ‘ಸಹಾಯಕ ಕಾಮಗಾರ ಆಯುಕ್ತ’ರ ಕಚೇರಿಯಲ್ಲಿ ವಿಚಾರಿಸಿ. ಇಲ್ಲವೇ ಜಿಲ್ಲಾ ನ್ಯಾಯಾಲಯದಲ್ಲಿ ‘ಜಿಲ್ಹಾ ವಿಧಿ ಸೇವಾ ಪ್ರಾಧಿಕರಣ’ ಎಲ್ಲಿದೆ ಎಂದು ಕೇಳಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ ಅಲ್ಲಿ ಪುಕ್ಕಟೆ ವಕೀಲರು ಸಿಗುತ್ತಾರೆ. ಫೋನ್ ಮಾಡುವುದಾದರೆ 15100 ಸಂಖ್ಯೆಗೆ ಮಾಡಿ. ಅದಕ್ಕೆ ಹಣ ಬೀಳುವುದಿಲ್ಲ.

ಮಾಲಕ ತಡ ಮಾಡಿದರೆ?

ಪರಿಹಾರ ಕೊಡಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ಬಡ್ಡಿ ಬೀಳುತ್ತದೆ. ಹಳೆಯ ಕಾಯ್ದೆಯಲ್ಲಿ ಅದು ವರ್ಷಕ್ಕೆ ನೂರಕ್ಕೆ 12ರಂತೆ ಇತ್ತು. ಸರಿಯಾದ ಕಾರಣವಿಲ್ಲದೆ ತಡ ಮಾಡಿದರೆ ಪರಿಹಾರದ ಅರ್ಧದವರೆಗೆ ದಂಡವನ್ನೂ ಹಾಕಬಹುದು. ಆದೇಶವಾದ ಮೇಲೂ ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು.

ಇ.ಎಸ್.ಐ. ಇದ್ದವರು ಏನು ಮಾಡಬೇಕು?

10 ಅಥವಾ ಹೆಚ್ಚು ಜನ ದುಡಿಯುವ ಕಾರಖಾನೆಗಳಿಗೆ ಇ.ಎಸ್.ಐ. ಎಂಬ ವಿಮೆ ಅನ್ವಯಿಸುತ್ತದೆ. ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇದ್ದವರು ಇದರಲ್ಲಿ ಬರುತ್ತಾರೆ. ಪಗಾರದಲ್ಲಿ ನೂರು ರೂಪಾಯಿಗೆ 75 ಪೈಸೆ ನಿಮ್ಮಿಂದ ಮುರಿಯುತ್ತಾರೆ. ಮಾಲಕ 3 ರೂಪಾಯಿ 25 ಪೈಸೆ ತುಂಬುತ್ತಾನೆ. ಇ.ಎಸ್.ಐ. ಇದ್ದವರಿಗೆ ಗಾಯದ ಹಣ, ಔಷಧೋಪಚಾರ, ಸಾವಾದರೆ ಮನೆಯವರಿಗೆ ತಿಂಗಳ ಹಣ ಎಲ್ಲ ಇ.ಎಸ್.ಐ. ನಿಗಮದಿಂದಲೇ ಬರುತ್ತದೆ. ಗಾಯದಿಂದ ಕೆಲಸ ತಪ್ಪಿದ ದಿನಗಳಿಗೆ ಪಗಾರದ ನೂರಕ್ಕೆ 90ರಷ್ಟು ಸಿಗುತ್ತದೆ. ಆಗ ಅದೇ ಗಾಯಕ್ಕೆ ಮಾಲಕನಿಂದ ಬೇರೆ ಪರಿಹಾರ ಕೇಳಲು ಬರುವುದಿಲ್ಲ. ಅಪಘಾತದ ವರದಿ ಇ.ಎಸ್.ಐ. ಕಚೇರಿಗೆ ಹೋಗಿದೆಯೇ ಎಂದು ಮಾತ್ರ ಖಾತ್ರಿ ಮಾಡಿಕೊಳ್ಳಿ.

ಲಾರಿ ಡ್ರೈವರ್, ಕ್ಲೀನರ್ ಮುಂತಾದವರಿಗೆ ರಸ್ತೆ ಅಪಘಾತವಾದರೆ ಎರಡು ದಾರಿ ಇವೆ. ಮೋಟಾರು ವಾಹನ ಕಾಯ್ದೆಯಲ್ಲಿ ಕೇಳಬಹುದು, ಇಲ್ಲವೇ ಈ ಕಾಯ್ದೆಯಲ್ಲಿ ಕೇಳಬಹುದು. ಎರಡೂ ಕಡೆ ಕೇಳಲು ಬರುವುದಿಲ್ಲ. ಯಾವುದು ಹೆಚ್ಚು ಅನುಕೂಲ ಎಂದು ವಕೀಲರನ್ನು ಕೇಳಿ ಆರಿಸಿಕೊಳ್ಳಿ.

ಬರೆದು ಕಲಿಯಿರಿ: ಮಾಲಕನಿಗೆ ನೋಟಿಸಿನ ಮಾದರಿ

ಕೆಳಗಿನ ಪತ್ರವನ್ನು ನಿಮ್ಮ ವಹಿಯಲ್ಲಿ ಬರೆಯಿರಿ. ಖಾಲಿ ಜಾಗ ತುಂಬಿರಿ.

ದಿನಾಂಕ: ........
ಇವರಿಗೆ: ........ (ಮಾಲಕರ ಹೆಸರು, ವಿಳಾಸ)
ಇವರಿಂದ: ........ (ನಿಮ್ಮ ಹೆಸರು, ವಯಸ್ಸು, ವಿಳಾಸ)
ವಿಷಯ: ಕೆಲಸದ ವೇಳೆಯಲ್ಲಿ ಆದ ಅಪಘಾತದ ಬಗ್ಗೆ.

ಮಾನ್ಯರೇ,
ನಾನು ನಿಮ್ಮಲ್ಲಿ ........ ಕೆಲಸ ಮಾಡುತ್ತೇನೆ. ನನ್ನ ಪಗಾರ ತಿಂಗಳಿಗೆ ........ ರೂಪಾಯಿ. ದಿನಾಂಕ ........ ರಂದು ........ ಗಂಟೆಗೆ ........ ಕೆಲಸ ಮಾಡುವಾಗ ನನಗೆ ........ ಪೆಟ್ಟಾಯಿತು. ಇದನ್ನು ........ ಇವರು ನೋಡಿದ್ದಾರೆ. ನಾನು ........ ದವಾಖಾನೆಯಲ್ಲಿ ಚಿಕಿತ್ಸೆ ಪಡೆದಿದ್ದೇನೆ. ಕಾಯ್ದೆಯ ಪ್ರಕಾರ ಪರಿಹಾರ ಮತ್ತು ಚಿಕಿತ್ಸೆಯ ಖರ್ಚು ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.
ಸಹಿ: ........

ಪತ್ರದ ಒಂದು ನಕಲು ನಿಮ್ಮ ಬಳಿ ಇರಲಿ.

ಹೊಸ ಶಬ್ದಗಳು

ಪರಿಹಾರ: ನಷ್ಟ ತುಂಬಿಕೊಡುವ ಹಣ.
ಅವಲಂಬಿತರು: ದುಡಿಯುವವರನ್ನು ನಂಬಿ ಬದುಕುವ ಮನೆಯವರು.
ಸಂಹಿತೆ: ಹಲವು ಕಾಯ್ದೆಗಳನ್ನು ಒಂದು ಮಾಡಿ ಬರೆದ ಕಾಯ್ದೆ.
ಗುಣಕ: ಗುಣಿಸುವ ಸಂಖ್ಯೆ.
ನೋಂದಾಯಿಸು: ಸರ್ಕಾರಿ ದಫ್ತರದಲ್ಲಿ ಬರೆಸು.

ಪ್ರಶ್ನೆಗಳು

1. ಪರಿಹಾರದ ಅರ್ಜಿಯನ್ನು ಎಷ್ಟು ವರ್ಷದೊಳಗೆ ಹಾಕಬೇಕು?
2. ಸಾವಿನ ಪರಿಹಾರವನ್ನು ಮಾಲಕ ಎಲ್ಲಿ ಜಮಾ ಮಾಡಬೇಕು?
3. ವಯಸ್ಸು 30, ಪಗಾರ 12,000 ರೂಪಾಯಿ. ಸಾವು ಆದರೆ ಪರಿಹಾರ ಎಷ್ಟು? (ಉತ್ತರ: 12,47,880 ರೂಪಾಯಿ. ಹೇಗೆ ಬಂತು ಎಂದು ಬಿಡಿಸಿ ತೋರಿಸಿ.)
4. ನಿಮ್ಮ ಓಣಿಯಲ್ಲಿ ಕಳೆದ ಎರಡು ವರ್ಷದಲ್ಲಿ ಕೆಲಸದಲ್ಲಿ ಪೆಟ್ಟಾದವರು ಯಾರಾದರೂ ಇದ್ದಾರೆಯೇ? ಅವರಿಗೆ ಈ ಪಾಠ ಓದಿ ಹೇಳಿ. ಅವರಿಗೆ ಅರ್ಜಿ ಹಾಕಲು ಇನ್ನೂ ಎಷ್ಟು ದಿನ ಉಳಿದಿದೆ ಎಂದು ಅವರ ಜೊತೆ ಕೂತು ಲೆಕ್ಕ ಹಾಕಿ.